ಅವ್ವನ ಟ್ರ್ಯಾಕ್ ಪ್ಯಾಂಟು

ಹೋದ ದೀಪಾವಳಿಗೆ ಊರಿಗೆ ಹೋಗುವಾಗ ಅವ್ವನಿಗೆ ಅಂತ ಒಂದು ಟ್ರ್ಯಾಕ್ ಪ್ಯಾಂಟು ತಗೊಂಡು ಹೋಗಿದ್ದೆ. ಕಪ್ಪು ಬಣ್ಣದ್ದು, ಸಡಿಲವಾಗಿತ್ತು, ಎರಡೂ ಕಡೆ ಜೇಬು. ಅವ್ವ ಅದನ್ನ ಕೈಯಲ್ಲಿ ಹಿಡಿದು, ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ ನೋಡಿದಳು. ನಮ್ಮದು ಬಾಗಲಕೋಟೆ ಜಿಲ್ಲೆಯ ಗುಡೂರು. ಮಗ್ಗದ ಸದ್ದು ಕೇಳಿಕೊಂಡೇ ಬೆಳೆದವರು ಯಾವ ಬಟ್ಟೆ ಕೈಗೆ ಸಿಕ್ಕರೂ ಮೊದಲು ತಿಕ್ಕಿ ನೋಡ್ತಾರೆ.

"ನೂಲಿಂದಲ್ಲ ಇದು" ಅಂದಳು. ಮಡಚಿ ಟ್ರಂಕಿನಲ್ಲಿ ಇಟ್ಟುಬಿಟ್ಟಳು.

ಅವ್ವನಿಗೆ ಸಕ್ಕರೆ ಕಾಯಿಲೆ. ಗುಳಿಗೆ ಒಂದೇ ಸಾಲೋದಿಲ್ಲ, ದಿನಾ ಅರ್ಧ ತಾಸಾದರೂ ಬಿರಬಿರನೆ ನಡೀಬೇಕು ಅಂತ ಡಾಕ್ಟ್ರು ಹೇಳಿ ವರ್ಷವಾಗಿತ್ತು. ಒಂದೆರಡು ಸಲ ನಡೆದಿದ್ದಳು. ಸೀರೆಯ ಅಂಚು ಕಾಲಿಗೆ ಸಿಕ್ಕಿ ಮುಗ್ಗರಿಸಿದ ಮೇಲೆ ಬಿಟ್ಟಿದ್ದಳು. ಅದಕ್ಕೇ ಈ ಪ್ಯಾಂಟು.

"ಯಾಕ ಬೇ, ಹಾಕ್ಕೊಳ್ಳಂಗಿಲ್ಲೇನ?"

"ಇದನ್ನ ಹಾಕ್ಕೊಂಡು ನಾ ಓಣ್ಯಾಗ ಹೆಂಗ ಅಡ್ಡಾಡ್ಲಿ? ಮಂದಿ ಏನಂದಾರು?"

"ಮಂದಿ ಬಂದು ನಿನ್ನ ಸಕ್ಕರಿ ಇಳಸ್ತಾರೇನು?"

ಅವ್ವ ಮಾತಾಡಲಿಲ್ಲ. ನಾನು ಗೆದ್ದೆ ಅಂದುಕೊಂಡು ಬೆಂಗಳೂರಿಗೆ ವಾಪಸ್ ಬಂದೆ.

ಬಂದ ಮರುದಿನ ಜಿಮ್ಮಿಗೆ ಹೊರಟೆ. ಲೆಗ್ಗಿಂಗ್ಸ್ ಹಾಕಿಕೊಂಡೆ. ಅದರ ಮೇಲೆ ಯಾವಾಗಲೂ ಹಾಕುವ, ತೊಡೆಯವರೆಗೆ ಬರುವ ದೊಗಳೆ ಟೀ ಶರ್ಟ್ ಹಾಕಿಕೊಂಡೆ. ಕನ್ನಡಿ ಮುಂದೆ ನಿಂತು ಹಿಂದಕ್ಕೆ ತಿರುಗಿ ನೋಡಿಕೊಂಡೆ, ಸರಿಯಾಗಿ ಮುಚ್ಚಿದೆಯಾ ಅಂತ. ಆಗ ಅವ್ವನ ದನಿ ಕೇಳಿದಂತಾಯ್ತು. ಮಂದಿ ಏನಂದಾರು? ಆ ಟೀ ಶರ್ಟು ವ್ಯಾಯಾಮಕ್ಕೆ ಯಾವ ಉಪಯೋಗಕ್ಕೂ ಬರೋದಿಲ್ಲ. ಬೆವರು ಹೀರಿ ಮೈಗಂಟುತ್ತೆ, ಮಲಗಿ ಕಾಲೆತ್ತಿದರೆ ಮುಖದ ಮೇಲೆ ಬೀಳುತ್ತೆ. ಮೂರು ವರ್ಷದಿಂದ ಅದನ್ನೇ ಹಾಕ್ತಿದೀನಿ. ಗುಡೂರಿನ ಓಣಿಯನ್ನ ನಾನೂ ಮಡಚಿ ಬ್ಯಾಗಿನಲ್ಲಿಟ್ಟುಕೊಂಡೇ ಬಂದಿದೀನಿ ಅಂತ ಅವತ್ತು ಗೊತ್ತಾಯ್ತು.

ಹಾಗಾದರೆ ಮೈ ದಣಿಸುವ ಜಾಗದಲ್ಲಿ ಏನು ಹಾಕ್ಕೋಬೇಕು ಅನ್ನೋದನ್ನ ಯಾರು, ಯಾವ ಆಧಾರದ ಮೇಲೆ ಹೇಳಬೇಕು?

ನಮ್ಮ ಕಡೆ ಇದಕ್ಕೆ ಹಳೇ ಉತ್ತರ ಒಂದಿದೆ: ಗರಡಿಮನಿ. ಹನುಮಪ್ಪನ ಮುಂದೆ ಕೈ ಮುಗಿದು, ಚಪ್ಪಲಿ ಹೊರಗೆ ಬಿಟ್ಟು, ಲಂಗೋಟಿ ಬಿಗಿದು ಕೆಂಪು ಮಣ್ಣಿಗೆ ಇಳೀಬೇಕು. ಎಣ್ಣೆ, ಮಜ್ಜಿಗೆ, ಅರಿಶಿನ ಹಾಕಿ ಹದ ಮಾಡಿದ ಮಣ್ಣು. ಅದರ ಮೇಲೆ ಬೂಟು ಹಾಕಿಕೊಂಡು ಹೋದರೆ ಮಣ್ಣೂ ಕೆಡುತ್ತೆ, ಎದುರಿನವನ ಕಾಲೂ ಮುರಿಯುತ್ತೆ. ಜಿಮ್ಮಿನಲ್ಲಿ ಇದರ ಉಲ್ಟಾ. ಬರಿಗಾಲಲ್ಲಿ ಹೋದರೆ ಕಬ್ಬಿಣದ ಪ್ಲೇಟು ಕಾಲ ಮೇಲೆ ಬೀಳಬಹುದು, ಹಾಗಾಗಿ ಶೂ ಬೇಕು. ಮಲ್ಲಕಂಬ ಏರುವವರು ಬರೀ ಚಡ್ಡಿಯಲ್ಲಿರುತ್ತಾರೆ. ಕಂಬವನ್ನ ತಬ್ಬಿ ಹಿಡಿಯೋದು ಚರ್ಮ, ಬಟ್ಟೆ ನಡುವೆ ಬಂದರೆ ಜಾರುತ್ತೆ. ಟ್ರೆಡ್‌ಮಿಲ್ ಮೇಲೆ ದುಪಟ್ಟಾ ಬೇಡ ಅನ್ನೋದೂ ಇಂಥದ್ದೇ. ಓಡುವ ಬೆಲ್ಟಿಗೆ ಸಿಕ್ಕಿದರೆ ಕುತ್ತಿಗೆಗೆ ಬರುತ್ತೆ. ಎಲ್ಲರೂ ಬೆನ್ನು ಹಚ್ಚುವ ಬೆಂಚಿನ ಮೇಲೆ ಟವೆಲ್ ಹಾಸಿ ಮಲಗಬೇಕು, ಬೆವರು ವಾಸನೆಯ ಬಟ್ಟೆಯನ್ನ ಒಗೆಯದೆ ಮರುದಿನ ಮತ್ತೆ ಹಾಕಬಾರದು ಅನ್ನೋದು ಪಕ್ಕದವರಿಗೆ ತೋರಿಸುವ ಮರ್ಯಾದೆ.

ಇಂಥ ನಿಯಮಗಳಲ್ಲಿ ನನಗೆ ಯಾವ ಜಗಳವೂ ಇಲ್ಲ. ಒಂದು ನನ್ನ ಮೈ ಕಾಯುತ್ತೆ, ಇನ್ನೊಂದು ಪಕ್ಕದವರ ಮೈ ಕಾಯುತ್ತೆ. ಕೇಳಿದರೆ ಕಾರಣ ಹೇಳಬಹುದು, ಕಾರಣ ಕೇಳಿದವರು ಒಪ್ಪಿಕೊಳ್ಳಬಹುದು.

ಜಗಳ ಶುರುವಾಗೋದು ಈ ಎರಡನ್ನೂ ಕಾಯದ, ಆದರೆ ಅದೇ ದನಿಯಲ್ಲಿ ಮಾತಾಡುವ ನಿಯಮಗಳ ಹತ್ತಿರ.

2021ರ ಜುಲೈನಲ್ಲಿ ಬಲ್ಗೇರಿಯಾದಲ್ಲಿ ಯುರೋಪಿನ ಬೀಚ್ ಹ್ಯಾಂಡ್‌ಬಾಲ್ ಪಂದ್ಯಾವಳಿ ನಡೀತು. ನಾರ್ವೆಯ ಹೆಣ್ಣುಮಕ್ಕಳು ಬಿಕಿನಿ ಚಡ್ಡಿ ಬೇಡ ಅಂತ ಮೈಗಂಟಿದ ಶಾರ್ಟ್ಸ್ ಹಾಕಿ ಆಡಿದರು. ಅವರ ತಂಡಕ್ಕೆ 1500 ಯೂರೋ ದಂಡ ಬಿತ್ತು. ಅದೇ ಆಟದ ಗಂಡಸರು ಆರಾಮಾಗಿ ಶಾರ್ಟ್ಸ್‌ನಲ್ಲೇ ಆಡ್ತಿದ್ದರು. ಗದ್ದಲವಾದ ಮೇಲೆ ಆ ವರ್ಷವೇ ನಿಯಮ ಬದಲಾಯ್ತು. ಅದಕ್ಕೆ ಹತ್ತು ವರ್ಷ ಮುಂಚೆ, 2011ರಲ್ಲಿ, ಇರಾನಿನ ಮಹಿಳಾ ಫುಟ್‌ಬಾಲ್ ತಂಡ ತಲೆ ಮುಚ್ಚಿಕೊಂಡಿದೆ ಅನ್ನೋ ಕಾರಣಕ್ಕೆ ಒಲಿಂಪಿಕ್ಸ್ ಅರ್ಹತಾ ಪಂದ್ಯ ಆಡೋಕೆ ಆಗಲಿಲ್ಲ. ಫಿಫಾ ತಲೆವಸ್ತ್ರಕ್ಕೆ ಪೂರ್ತಿ ಒಪ್ಪಿಗೆ ಕೊಟ್ಟಿದ್ದು 2014ರಲ್ಲಿ. ಒಬ್ಬರು ಕಮ್ಮಿ ಬಿಚ್ಚಿದ್ದಕ್ಕೆ ತಪ್ಪಿತಸ್ಥರಾದರು, ಇನ್ನೊಬ್ಬರು ಜಾಸ್ತಿ ಮುಚ್ಚಿದ್ದಕ್ಕೆ. ಗುಡೂರಿನ ಓಣಿ ಅವ್ವನಿಗೆ ಮುಚ್ಚಿಕೋ ಅನ್ನುತ್ತೆ. ನನ್ನ ಫೋನಿನಲ್ಲಿ ಬರುವ ಫಿಟ್‌ನೆಸ್ ರೀಲ್‌ಗಳು ನನಗೆ ಬಿಚ್ಚಿಕೋ ಅನ್ನುತ್ತವೆ. ಹಾಕಿಕೊಳ್ಳುವವಳಿಗೆ ಏನು ಅನುಕೂಲ ಅಂತ ಇಬ್ಬರೂ ಕೇಳೋದಿಲ್ಲ.

ನೀವು ಕೇಳಬಹುದು: ಬಟ್ಟೆ ಅಂದ್ರೆ ಬರೀ ಅನುಕೂಲ ಒಂದೇನಾ? ಸುತ್ತ ಜನ ಇರ್ತಾರಲ್ವಾ, ಅವರ ಮುಜುಗರಕ್ಕೆ ಬೆಲೆ ಇಲ್ವಾ?

ಇದೆ. ಈ ಪ್ರಶ್ನೆಯನ್ನ ತಳ್ಳಿಹಾಕೋಕೆ ಆಗಲ್ಲ. ನಮ್ಮೂರಿನಿಂದ ಕೂಡಲಸಂಗಮ ದೂರವೇನಿಲ್ಲ, ಚಿಕ್ಕವರಿದ್ದಾಗಿಂದ ಶರಣರ ಕಥೆ ಕೇಳಿಕೊಂಡು ಬಂದವರು ನಾವು. ಅಕ್ಕಮಹಾದೇವಿ ಉಟ್ಟ ಬಟ್ಟೆ ಬಿಟ್ಟು, ಕೂದಲಿನಿಂದ ಮೈ ಮುಚ್ಚಿಕೊಂಡು ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭು ಅವಳನ್ನ ತಡೆದು ಪ್ರಶ್ನೆ ಮಾಡಿದ ಪ್ರಸಂಗ ನಿಮಗೂ ಗೊತ್ತಿರುತ್ತೆ. ಎಲ್ಲ ಬಿಟ್ಟವಳಿಗೆ ಈ ಕೂದಲ ಮರೆ ಯಾಕೆ ಅನ್ನೋದು ಪ್ರಶ್ನೆ. ನನಗೆ ನಾಚಿಕೆ ಅಂತ ಅಕ್ಕ ಹೇಳಲಿಲ್ಲ. ನೋಡಿ ನಿಮಗೆ ನೋವಾದೀತು ಅಂತ ಮುಚ್ಚಿಕೊಂಡೆ ಅನ್ನೋ ಅರ್ಥದ ಉತ್ತರ ಕೊಟ್ಟಳು. ಇದನ್ನ ಎಷ್ಟೋ ಸಲ ಯೋಚಿಸಿದೀನಿ. ಮುಚ್ಚಿಕೊಳ್ಳೋದು ಅಲ್ಲಿ ತಪ್ಪೊಪ್ಪಿಗೆ ಅಲ್ಲ, ಎದುರಿನವರ ಬಗ್ಗೆ ಇರುವ ಕಾಳಜಿ. ಅದನ್ನ ಅವಳು ತಾನಾಗಿ ಕೊಟ್ಟಳು. ನೀನು ಮುಚ್ಚಿಕೊಂಡರೇ ಒಳಗೆ ಬಿಡ್ತೀನಿ ಅಂತ ಕಸಿದುಕೊಂಡರೆ ಅದು ಕಾಳಜಿ ಆಗಿ ಉಳಿಯೋದಿಲ್ಲ.

ಮತ್ತೆ ಕಾಳಜಿ ಒಂದೇ ಕಡೆಯಿಂದ ಬಂದರೆ ಸಾಲದು. ನೋಡೋದೂ ಒಂದು ನಡವಳಿಕೆಯೇ. ಕಣ್ಣು ಹೋಗೋದು ತಪ್ಪಲ್ಲ, ಎಲ್ಲರ ಕಣ್ಣೂ ಹೋಗುತ್ತೆ. ಅಲ್ಲೇ ನಿಲ್ಲೋದು, ಸೆಲ್ಫಿ ನೆಪದಲ್ಲಿ ಹಿಂದಿನವರನ್ನ ವಿಡಿಯೋ ಮಾಡೋದು, ಗೆಳೆಯನಿಗೆ ಮೊಣಕೈ ತಿವಿಯೋದು ತಪ್ಪು. ಜಿಮ್ಮಿನ ಗೋಡೆ ಮೇಲೆ ಬಟ್ಟೆ ಬಗ್ಗೆ ಹತ್ತು ಸಾಲು ಬರೆದಿರ್ತಾರೆ. ಕಣ್ಣಿನ ಬಗ್ಗೆ ಒಂದು ಸಾಲು ನಾನು ಇನ್ನೂ ನೋಡಿಲ್ಲ.

ಇಷ್ಟೆಲ್ಲ ಹೇಳುವ ನಾನು ನನ್ನ ಕಣ್ಣಿನ ಲೆಕ್ಕವನ್ನೂ ಒಪ್ಪಿಸಬೇಕು.

ಹೋದ ವರ್ಷ ನಾನು ಹೋಗುವ ಜಿಮ್ಮಿಗೆ ಒಬ್ಬ ಹಿರಿಯರು ಸೇರಿದ್ದರು. ಅರವತ್ತರ ಹತ್ತಿರದ ವಯಸ್ಸು. ಇಸ್ತ್ರಿ ಮಾಡಿದ ಪ್ಯಾಂಟು, ಇನ್ ಮಾಡಿದ ಶರ್ಟು, ಕಾಲಲ್ಲಿ ಹವಾಯಿ ಚಪ್ಪಲಿ. ಮೊದಲ ದಿನ ಸೈಕಲ್ ತುಳಿದರು. ಎರಡನೇ ದಿನ ಟ್ರೇನರ್ ಬಂದು, "ಅಂಕಲ್, ಇದು ಜಿಮ್ಮು. ಪ್ರಾಪರ್ ಡ್ರೆಸ್ ಹಾಕ್ಕೊಂಡ್ ಬನ್ನಿ, ಹೀಗೆಲ್ಲ ಬರೋ ಹಾಗಿಲ್ಲ" ಅಂದ. ಜೋರಾಗೇ ಅಂದ. ಇಬ್ಬರು ಹುಡುಗರು ನಕ್ಕರು. ಚಪ್ಪಲಿ ವಿಷಯದಲ್ಲಿ ಟ್ರೇನರ್ ಹೇಳಿದ್ದು ಸರಿ. ಶರ್ಟಿನ ವಿಷಯದಲ್ಲಿ ಅಲ್ಲ. ಎರಡನ್ನೂ ಒಂದೇ ಮಾತಿನಲ್ಲಿ ಕಟ್ಟಿ ಎಸೆದುಬಿಟ್ಟ. ಅವರು "ಆಯ್ತು ಸಾರ್" ಅಂದು ಇಳಿದು ಹೋದರು. ಮಗನ ವಯಸ್ಸಿನವನಿಗೆ ಸಾರ್. ಮತ್ತೆ ಬರಲಿಲ್ಲ.

ನಾನು ಮೂರು ಮಾರು ದೂರದಲ್ಲಿ ಡಂಬಲ್ಸ್ ಹಿಡಿದು ನಿಂತಿದ್ದೆ. ನಗಲಿಲ್ಲ, ನಿಜ. ಏನೂ ಹೇಳಲೂ ಇಲ್ಲ. "ಸಾರ್, ಶೂ ಒಂದು ತಂದುಬಿಡಿ, ಉಳಿದದ್ದೆಲ್ಲ ನಡೆಯುತ್ತೆ" ಅನ್ನೋಕೆ ಎಷ್ಟು ಹೊತ್ತು ಬೇಕಿತ್ತು? ನಾನು ಮಾತಾಡಿದ್ದರೆ ಆ ಹುಡುಗರ ಕಣ್ಣು ನನ್ನ ಕಡೆ ತಿರುಗುತ್ತಿತ್ತು. ಅದಕ್ಕೆ ಸುಮ್ಮನಿದ್ದೆ. ಅವ್ವನಿಗೆ ಮಂದಿಯನ್ನ ಲೆಕ್ಕಕ್ಕಿಡಬೇಡ ಅಂದವಳು ನಾನೇ.

ಇನ್ನೂ ಒಂದು ಮಾತು. ಊರಿನ ಕಣ್ಣನ್ನ ನಾವು ಸುಲಭವಾಗಿ ಬೈತೀವಿ. ಆದರೆ ಅವ್ವ ಮುಗ್ಗರಿಸಿ ಬಿದ್ದ ದಿನ ಓಡಿ ಬಂದು ಎಬ್ಬಿಸಿ, ನೀರು ಕುಡಿಸಿ, ಮನೆ ಮುಟ್ಟಿಸಿದ್ದೂ ಆ ಕಣ್ಣುಗಳೇ. ಆ ಹಿರಿಯರು ಜಿಮ್ಮಿಗೆ ಬರೋದು ನಿಲ್ಲಿಸಿದ್ದನ್ನ ನಮ್ಮಲ್ಲಿ ಯಾರೂ ಗಮನಿಸಲಿಲ್ಲ. ಯಾರೂ ನೋಡದ ಊರು ನನಗೆ ಬೇಕಿಲ್ಲ. ನೋಡಿದ ಮೇಲೆ ಏನು ಮಾಡ್ತೀವಿ ಅನ್ನೋದು ಬದಲಾಗಬೇಕು.

ಯುಗಾದಿಗೆ ಮತ್ತೆ ಊರಿಗೆ ಹೋದೆ. ಬೆಳಗಿನ ಐದೂವರೆಗೆ ಎಚ್ಚರವಾದಾಗ ಅವ್ವ ಮನೇಲಿರಲಿಲ್ಲ. ಅಪ್ಪ, "ಸಾಲಿ ಮೈದಾನದ ಕಡೆ ಹೋಗ್ಯಾಳ ನೋಡು" ಅಂದರು. ಹೋದೆ. ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಓಣಿಯ ಇಬ್ಬರು ಹೆಂಗಸರ ಜೊತೆ ಅವ್ವ ಬಿರಬಿರನೆ ಸುತ್ತು ಹಾಕ್ತಿದ್ದಳು. ಲಂಗದ ಬದಲು ನನ್ನ ಟ್ರ್ಯಾಕ್ ಪ್ಯಾಂಟು, ಅದರ ಮೇಲೆ ಮೊಣಕಾಲ ತನಕ ಎತ್ತಿ ಸಿಕ್ಕಿಸಿದ ಸೀರೆ, ಸೀರೆಯ ಮೇಲೆ ಅಪ್ಪನ ಹಳೇ ತುಂಬು ತೋಳಿನ ಅಂಗಿ, ಕಾಲಲ್ಲಿ ನಾನು ಬಿಟ್ಟು ಬಂದಿದ್ದ ಶೂ.

ನಗು ತಡೆಯೋಕಾಗಲಿಲ್ಲ. "ಇದ್ಯಾವ ಡ್ರೆಸ್ ಬೇ?"

"ಹೊಲಕ್ಕ ಕಳೆ ತಗ್ಯಾಕ ಹೋಗಾಗ ಇದನ್ನ ಹಾಕ್ಕೊಂತೀವಲ್ಲ? ಆವಾಗ ಯಾರರ ಏನರ ಅಂತಾರೇನ?"

ಹೌದಲ್ಲ. ನಮ್ಮ ಕಡೆ ಹೊಲದ ಕೆಲಸಕ್ಕೆ ಹೋಗುವ ಹೆಂಗಸರು ಸೀರೆ ಮೇಲೆ ಗಂಡನದೋ ಮಗನದೋ ಅಂಗಿ ಹಾಕ್ತಾರೆ. ಬಿಸಿಲು ತಾಗಬಾರದು, ಬೆಳೆಯ ಗರಿ ಕೈ ಗೀರಬಾರದು ಅಂತ. ಗಂಡಸರ ಅಂಗಿ ಹಾಕಿದಳು ಅಂತ ಯಾರೂ ಹುಬ್ಬು ಹಾರಿಸೋದಿಲ್ಲ, ಯಾಕಂದ್ರೆ ಅದು ದುಡಿಮೆ. ಮನೆಗಾಗಿ, ಮಕ್ಕಳಿಗಾಗಿ ಮೈ ದಣಿಸುವಾಗ ಏನು ಹಾಕಿದರೂ ನಡೆಯುತ್ತೆ. ತನಗಾಗಿ ಅರ್ಧ ತಾಸು ನಡೆದರೆ ಮಾತ್ರ ಬಟ್ಟೆ ಕಣ್ಣಿಗೆ ಬೀಳುತ್ತೆ. ಓಣಿಯವರಿಗೆ ಚುಚ್ಚಿದ್ದು ಪ್ಯಾಂಟಲ್ಲ, ಆ ಅರ್ಧ ತಾಸು. ಅವ್ವ ಅದಕ್ಕೇ ದುಡಿಮೆಯ ವೇಷ ತೊಟ್ಟು ತನ್ನ ಹೊತ್ತನ್ನ ಕಾಪಾಡಿಕೊಂಡಿದ್ದಳು.

ಆ ಹಿರಿಯರ ಇಸ್ತ್ರಿ ಶರ್ಟು ಆಗ ನೆನಪಾಯ್ತು. ಅವರ ಹತ್ತಿರ ಇದ್ದ ಒಳ್ಳೇ ಬಟ್ಟೆ ಅದೇ ಇರಬೇಕು. ಮರ್ಯಾದೆಯ ಜಾಗಕ್ಕೆ ಹೋಗ್ತಿದೀನಿ ಅಂತ ಹಾಕಿಕೊಂಡು ಬಂದಿದ್ದರೋ ಏನೋ. ದುಡಿದು ಸವೆದ ಮೈಗೆ ಇಲ್ಲೇನು ಕೆಲಸ ಅಂತ ನಾವು ಕಣ್ಣಲ್ಲೇ ಕೇಳಿಬಿಟ್ಟೆವು.

ಹಾಗಾಗಿ ಜಿಮ್ಮಿಗೆ ಏನು ಹಾಕ್ಕೋಬೇಕು ಅಂತ ನನ್ನನ್ನ ಯಾರಾದರೂ ಕೇಳಿದರೆ ಇಷ್ಟೇ ಹೇಳ್ತೀನಿ. ಮೈ ಆಡೋಕೆ ಬಿಡುವಂಥದ್ದು, ಯಂತ್ರಕ್ಕೆ ಸಿಕ್ಕದಂಥದ್ದು, ಒಗೆದದ್ದು. ಸ್ಲೀವ್‌ಲೆಸ್ ಇರಲಿ, ಬುರ್ಖಾ ಇರಲಿ, ಚೂಡಿದಾರ್ ಇರಲಿ, ಅದು ಅವರವರ ಲೆಕ್ಕ. ಪಕ್ಕದಲ್ಲಿ ಯಾರಾದರೂ ಹೊಸಬರು ಬೇರೆ ಥರದ ಬಟ್ಟೆಯಲ್ಲಿ ಬಂದು ಎಲ್ಲಿ ನಿಲ್ಲಬೇಕು ಅಂತ ತಿಳಿಯದೆ ನಿಂತಿದ್ದರೆ, ಸ್ವಲ್ಪ ಸರಿದು ಜಾಗ ಕೊಡಿ.

ದೊಗಳೆ ಟೀ ಶರ್ಟನ್ನ ನಾನು ಇನ್ನೂ ಬಿಟ್ಟಿಲ್ಲ. ವಾರಕ್ಕೆ ಎರಡು ದಿನ ಬಿಡ್ತೀನಿ. ಅವ್ವನೂ ಅಪ್ಪನ ಅಂಗಿ ಬಿಟ್ಟಿಲ್ಲ. ನಿನ್ನೆ ಫೋನ್ ಮಾಡಿದಾಗ, "ಈಗ ಐದು ಮಂದಿ ಆಗೀವಿ" ಅಂದಳು. "ಅದರಾಗ ಒಬ್ಬಾಕಿ ನನ್ನ ಪ್ಯಾಂಟ್ ತಿಕ್ಕಿ ನೋಡಿ, ಎಷ್ಟು ಕೊಟ್ಟಿ ಅಂತ ಕೇಳ್ಯಾಳ. ಇನ್ನೊಂದ್ ತಗೊಂಬಾ."