ತಂದೆ ಎಂದರೆ ದುಡಿಮೆ ಮಾತ್ರವೇ?

‘ನಮ್ಮ ಅಳಿಯ ತುಂಬ ಒಳ್ಳೆಯವರು. ಮಗುವನ್ನು ನೋಡಿಕೊಳ್ಳಲು ಮಗಳಿಗೆ ಸಹಾಯ ಮಾಡುತ್ತಾರೆ’ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಹೊಗಳಿಕೆಯ ಮಾತೇ ಇದು. ಆದರೆ ಅದರೊಳಗೆ ಒಂದು ತೀರ್ಪು ಅಡಗಿದೆ. ಮಗು ಇಬ್ಬರದು, ಕೆಲಸ ಮಾತ್ರ ಅವಳದು. ಅವನು ಮಾಡಿದರೆ ಅದು ಉಪಕಾರ. ಮಗುವಿಗೆ ಸ್ನಾನ ಮಾಡಿಸಿದ ತಾಯಿ ಗಂಡನಿಗೆ ಸಹಾಯ ಮಾಡಿದಳೆಂದು ಯಾರೂ ಹೇಳುವುದಿಲ್ಲ. ಹಾಗಾದರೆ ತಂದೆಯ ಪಾಲಿಗೆ ಆರೈಕೆ ಕರ್ತವ್ಯವೋ, ಔದಾರ್ಯವೋ?

ಗಂಡಸುತನದ ಬಗ್ಗೆ ನಮಗಿರುವ ಕಲ್ಪನೆಯೇ ಈ ಗೊಂದಲದ ಮೂಲ. ಹುಡುಗ ಬಿದ್ದು ಅತ್ತರೆ ‘ಹೆಣ್ಣಿನ ಹಾಗೆ ಅಳಬೇಡ’ ಎನ್ನುತ್ತೇವೆ. ಪುಟ್ಟ ತಂಗಿಯನ್ನು ಸೊಂಟದ ಮೇಲೆ ಹೊತ್ತು ತಿರುಗುವುದು ಅಕ್ಕನ ಕೆಲಸ. ಅಣ್ಣನಿಗೆ ಆಟದ ಬಯಲು. ಹೀಗೆ ಬೆಳೆದವನ ಕೈಗೆ ಒಂದು ದಿನ ಹಸುಗೂಸನ್ನಿಟ್ಟರೆ ಕೈ ನಡುಗುವುದರಲ್ಲಿ ಆಶ್ಚರ್ಯವೇನಿದೆ? ಆ ನಡುಕವನ್ನೇ ನಾವು ಪ್ರಕೃತಿ ಎಂದು ಕರೆಯುತ್ತೇವೆ. ಹೆರುವುದು, ಹಾಲೂಡಿಸುವುದು ಪ್ರಕೃತಿಯೇ ಸರಿ. ಆದರೆ ಜ್ವರದ ಮದ್ದನ್ನು ಎಷ್ಟು ಹೊತ್ತಿಗೆ ಕೊಡಬೇಕೆಂಬುದು ಕಲಿಕೆ. ಉರ್ದುವಿನಲ್ಲಿ ‘ಪರ್ವರಿಶ್’ ಎಂದರೆ ಸಾಕಿ ಸಲಹುವುದು. ಸಲಹುವವರು ಯಾರೆಂಬುದನ್ನು ಆ ಪದ ಹೇಳುವುದಿಲ್ಲ. ಅದನ್ನು ಸೇರಿಸಿದವರು ನಾವು.

ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಯವರ ಆರೈಕೆಯಲ್ಲಿ ದಿನದ ಸ್ವಲ್ಪ ಹೊತ್ತನ್ನಾದರೂ ಕಳೆದ ಮಹಿಳೆಯರು ಶೇ. 27.6, ಗಂಡಸರು ಶೇ. 14. ಹಾಗೆ ತೊಡಗಿದವರಲ್ಲೂ ಮಹಿಳೆಯರು ಸರಾಸರಿ 134 ನಿಮಿಷ ಕೊಟ್ಟರೆ ಗಂಡಸರು ಕೊಟ್ಟದ್ದು 76 ನಿಮಿಷ. ಸರಕಾರದ ನಿಯಮಗಳೂ ಇದನ್ನೇ ಒಪ್ಪಿಕೊಂಡಂತಿವೆ. ಕೇಂದ್ರ ಸರಕಾರಿ ನೌಕರನಿಗೆ ಮಗು ಹುಟ್ಟಿದಾಗ ಸಿಗುವ ರಜೆ 15 ದಿನ. ಮಕ್ಕಳ ಪಾಲನೆಗಾಗಿ ಸೇವಾವಧಿಯಲ್ಲಿ 730 ದಿನಗಳವರೆಗಿನ ರಜೆ ಮಹಿಳಾ ನೌಕರರಿಗಿತ್ತು. 2018ರಲ್ಲಿ ಅದನ್ನು ಗಂಡಸರಿಗೂ ವಿಸ್ತರಿಸಿದಾಗ ಒಂಟಿ ತಂದೆಯರಿಗೆ ಮಾತ್ರ ಕೊಡಲಾಯಿತು. ತಾಯಿ ಇಲ್ಲದಿದ್ದರೆ ಮಾತ್ರ ತಂದೆ ಬೇಕು ಎಂಬುದೇ ಇದರ ಅರ್ಥವಲ್ಲವೇ?

ದುಡಿದು ತರುವುದೂ ಆರೈಕೆಯೇ ಅಲ್ಲವೇ ಎಂದು ಕೇಳಬಹುದು. ಹೌದು, ಖಂಡಿತ. ಕರಾವಳಿಯಿಂದ ಕೊಲ್ಲಿ ದೇಶಕ್ಕೆ ಹೋಗಿ, ಒಂದೇ ಕೋಣೆಯಲ್ಲಿ ಹಲವರೊಂದಿಗೆ ಮಲಗಿ, ಊಟಕ್ಕೂ ಲೆಕ್ಕ ಹಾಕಿ ಮನೆಗೆ ಹಣ ಕಳಿಸುವವನ ತ್ಯಾಗವನ್ನು ಹಗುರವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ವರ್ಷಗಳ ನಂತರ ಬಂದ ಅಪ್ಪನನ್ನು ಕಂಡು ಮಗು ತಾಯಿಯ ಹಿಂದೆ ಅವಿತುಕೊಂಡಾಗ ಸುತ್ತಲಿನವರು ನಗುತ್ತಾರೆ. ಅವನೂ ನಗುತ್ತಾನೆ. ಒಳಗಿನ ನೋವನ್ನು ಹೇಳಿಕೊಳ್ಳಲು ಗಂಡಸುತನ ಬಿಡುವುದಿಲ್ಲ. ಅವನಿಗೆ ಬೇರೆ ದಾರಿ ಇರಲಿಲ್ಲ. ಆದರೆ ಅದೇ ಊರಿನಲ್ಲಿದ್ದು, ಸಂಜೆ ಮನೆಗೆ ಬಂದೂ ಮಕ್ಕಳಿಗೆ ಅತಿಥಿಯಾಗಿಯೇ ಉಳಿಯುವ ತಂದೆಗೆ ಯಾವ ಸಮುದ್ರ ಅಡ್ಡವಿದೆ?

ಈ ಬಿಗುಮಾನವನ್ನು ಧರ್ಮದ ಹೆಸರಿನಲ್ಲಿ ಸಮರ್ಥಿಸುವವರು ಹದೀಸ್‌ಗಳನ್ನು ಓದಬೇಕು. ಪ್ರವಾದಿಯವರು(ಸ) ಮನೆಯಲ್ಲಿದ್ದಾಗ ಮನೆಗೆಲಸದಲ್ಲಿ ತೊಡಗುತ್ತಿದ್ದರೆಂದು ಹ. ಆಯಿಶಾ(ರ) ತಿಳಿಸಿದ್ದಾರೆ. ಅವರು ಮೊಮ್ಮಗ ಹಸನ್‌ರಿಗೆ(ರ) ಮುತ್ತಿಟ್ಟುದನ್ನು ಕಂಡ ಅಕ್ರಾ ಬಿನ್ ಹಾಬಿಸ್ ಎಂಬ ನಾಯಕರು, ತಮಗೆ ಹತ್ತು ಮಕ್ಕಳಿದ್ದರೂ ಒಬ್ಬರಿಗೂ ಮುತ್ತಿಟ್ಟಿಲ್ಲವೆಂದರು. ಕರುಣೆ ತೋರದವನಿಗೆ ಕರುಣೆ ದೊರೆಯದು ಎಂಬರ್ಥದ ಉತ್ತರ ಅವರಿಗೆ ಸಿಕ್ಕಿತು. ಅಂದಿನ ಬುಡಕಟ್ಟು ಸಮಾಜ ಗಟ್ಟಿತನವೆಂದು ಬಗೆದಿದ್ದುದನ್ನು ಆ ಉತ್ತರ ಕೊರತೆಯೆಂದು ಎಣಿಸಿತು.

ಆ ಕೊರತೆ ತಟ್ಟುವುದು ತಾಯಂದಿರಿಗೆ, ಮಕ್ಕಳಿಗೆ ಮಾತ್ರವಲ್ಲ. ವಯಸ್ಸಾದ ಮೇಲೆ ಮಕ್ಕಳು ತಾಯಿಯ ಮಂಚದ ಮೇಲೆ ಕೂತು ಹರಟುತ್ತಾರೆ. ತಂದೆಯ ಕೋಣೆಯ ಬಾಗಿಲಲ್ಲಿ ನಿಂತು ‘ಮಾತ್ರೆ ತೆಗೆದುಕೊಂಡಿರಾ ಅಬ್ಬಾ?’ ಎಂದು ಕೇಳಿ ಹೊರಟುಹೋಗುತ್ತಾರೆ. ಅಲ್ಲಿ ಗೌರವವಿದೆ, ಸಲಿಗೆಯಿಲ್ಲ. ಮೂಗು ಒರೆಸಿ, ಅನ್ನ ಕಲಸಿ ಕೊಟ್ಟು, ನಡುರಾತ್ರಿ ಎದ್ದು ನೀರು ಕುಡಿಸಿದ ದಿನಗಳಿಂದ ಬರುವ ಸಲಿಗೆ ಅದು. ಕೊನೆಗಾಲದಲ್ಲಿ ಬೇಕೆಂದರೂ ಸಿಗದು. ಗಂಡುಮಕ್ಕಳಿಗೆ ನಾವು ದುಡಿಯುವುದನ್ನು ಕಲಿಸಿದ್ದೇವೆ. ಸಲಹುವುದನ್ನೂ ಕಲಿಸೋಣ, ಅದನ್ನು ಸಹಾಯವೆಂದು ಕರೆಯುವುದನ್ನು ಬಿಡೋಣ.