ದವಾಖಾನೆಯ ಬಾಗಿಲಲ್ಲಿ ಬಂದ ಸಿಟ್ಟು


*ಇಂದಿನ ಧಮ್ಮ ಚಿಂತನೆ*



ಕಳೆದ ರವಿವಾರ ಇಳಕಲ್ಲಿನಲ್ಲಿ ನಮ್ಮ ಅಧ್ಯಯನ ಬಳಗ ಕೂಡಿತ್ತು. ಬಾದಾಮಿ, ಹುನಗುಂದ, ಬಾಗಲಕೋಟೆಯಿಂದಲೂ ಕೆಲವರು ಬಂದಿದ್ದರು. ತ್ರಿಸರಣ, ಪಂಚಶೀಲ ಮುಗಿದು ಮೈತ್ರಿ ಧ್ಯಾನಕ್ಕೆ ಕುಳಿತಾಗ ಒಬ್ಬ ಅಕ್ಕ ಎದ್ದು ಹೊರಗೆ ಹೋಗಿ ಕುಳಿತರು. ಆಮೇಲೆ ಕೇಳಿದರೆ ಹೇಳಿದರು: "ಎಲ್ಲರೂ ಸುಖವಾಗಿರಲಿ ಅನ್ನೋದು ಬಾಯಾಗ ಬರವಲ್ದ್ರಿ."

ಅವರ ಗಂಡ ಕಲ್ಲು ಕ್ವಾರಿಯಲ್ಲಿ ದುಡಿದವರು. ಎದೆಯೊಳಗೆ ಕಲ್ಲಿನ ಧೂಳು ಕುಳಿತಿದೆ. ಒಂದು ರಾತ್ರಿ ಉಸಿರು ಕಟ್ಟಿತು. ಹತ್ತಿರದ ಸರ್ಕಾರಿ ದವಾಖಾನೆಯಲ್ಲಿ ಆ ಹೊತ್ತಿಗೆ ನೋಡುವವರಿಲ್ಲ, ದೊಡ್ಡ ಊರಿಗೆ ಒಯ್ಯಿರಿ ಎಂದರು. ದೊಡ್ಡ ಊರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮೊದಲು ಡಿಪಾಜಿಟ್ ಕಟ್ಟಿರಿ ಎಂದರು. ಅಕ್ಕ ಕೌಂಟರಿನ ಗಾಜಿಗೆ ಬಡಿದು ಕೂಗಾಡಿದರು. ಒಳಗಿದ್ದ ಹುಡುಗಿ ಅಳತೊಡಗಿದಳು. ಕಿವಿಯೋಲೆ ಒತ್ತೆಯಿಟ್ಟ ಮೇಲೆ ಚಿಕಿತ್ಸೆ ಸಿಕ್ಕಿತು. ಗಂಡ ಬದುಕಿದರು. ಆದರೆ ಆ ಸಿಟ್ಟು ಇನ್ನೂ ಇಳಿದಿಲ್ಲ.

"ನಾ ಪಂಚಶೀಲ ತಗೊಂಡಾಕಿ. ಸಿಟ್ಟಿಗೆದ್ದಿದ್ದು ತಪ್ಪಾತೇನ್ರಿ?"

ನಾವು ಎರಡು ಉತ್ತರ ಕೊಟ್ಟೆವು. ದ್ವೇಷ ಅಕುಶಲ, ಅದನ್ನು ಬಿಡಬೇಕು ಎಂದರು ಒಬ್ಬರು. ಸಿಟ್ಟಿಲ್ಲದೆ ಹೋರಾಟವಿಲ್ಲ, ಬಾಬಾಸಾಹೇಬರು ಕಲಿಸಿದ್ದೇ ಹೋರಾಟ ಎಂದರು ಇನ್ನೊಬ್ಬರು. ಎರಡೂ ಬೇಗ ಬಂದ ಉತ್ತರಗಳು. ವಾರವಿಡೀ ಯೋಚಿಸಿದ ಮೇಲೆ ತೋಚಿದ್ದನ್ನು ಇಲ್ಲಿ ಬರೆದಿದ್ದೇನೆ.

ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ' ಪುಸ್ತಿಕೆಯಲ್ಲಿ ಕಾಠಿಯಾವಾಡದ ಒಬ್ಬ ಅಸ್ಪೃಶ್ಯ ಶಿಕ್ಷಕನ ಪತ್ರದ ವಿಷಯ ಬರೆದಿದ್ದಾರೆ. ಅದು 1929ರ ಡಿಸೆಂಬರ್ 12ರ 'ಯಂಗ್ ಇಂಡಿಯಾ'ದಲ್ಲಿ ಬಂದಿತ್ತು. ಹೆರಿಗೆಯಾದ ಹೆಂಡತಿಗೆ ಎರಡು ದಿನದಲ್ಲಿ ಕಾಯಿಲೆ ಬಿತ್ತು. ಡಾಕ್ಟರ್ ಕೇರಿಗೆ ಬರಲು ಒಪ್ಪಲಿಲ್ಲ. ಊರ ಶೇಠರು ಎರಡು ರೂಪಾಯಿ ಫೀಸಿಗೆ ಜಾಮೀನು ನಿಂತ ಮೇಲೆ, ಕೇರಿಯ ಹೊರಗೆ ಕರೆತಂದರೆ ಮಾತ್ರ ನೋಡುತ್ತೇನೆ ಎಂಬ ಷರತ್ತಿನ ಮೇಲೆ ಬಂದ. ಥರ್ಮಾಮೀಟರನ್ನು ಒಬ್ಬ ಮುಸ್ಲಿಮನ ಕೈಗೆ ಕೊಟ್ಟ. ಅವನು ಗಂಡನಿಗೆ, ಗಂಡ ಹೆಂಡತಿಗೆ. ಅದೇ ದಾರಿಯಲ್ಲಿ ಅದು ಮರಳಿತು. ಡಾಕ್ಟರ್ ಅವಳನ್ನು ಮುಟ್ಟಲೇ ಇಲ್ಲ, ಮತ್ತೆ ಬರಲೂ ಇಲ್ಲ. ಅವಳು ತೀರಿಕೊಂಡಳು.

ಅಂದು ಫೀಸು ಸಂದಿತ್ತು, ಕೈ ಮಾತ್ರ ಮುಟ್ಟಲಿಲ್ಲ. ಇಂದು ಕೈ ಮುಟ್ಟಲು ತಯಾರಿದೆ, ಫೀಸು ಮೊದಲು ಬೇಕು. ಗೋಡೆ ಬೇರೆ. ಆದರೆ ಗೋಡೆಯ ಹೊರಗೆ ನಿಂತವರ ಪಟ್ಟಿ ಓದಿ ನೋಡಿ: ಕ್ವಾರಿಯ ಕೂಲಿ, ಮನೆಯಲ್ಲೇ ಮಗ್ಗ ಹೂಡಿದ ನೇಕಾರ, ಗುಳೆ ಹೋಗಿ ಬಂದ ಕುಟುಂಬ. ಕೇರಿಯ ಹೆಸರುಗಳೇ ಅದರಲ್ಲಿ ಹೆಚ್ಚು.

ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದರು. ಕಾರ್ಮಿಕರ ಆರೋಗ್ಯ ವಿಮೆಯ ಯೋಜನೆ ಸಿದ್ಧವಾದದ್ದು ಆ ಕಾಲದಲ್ಲಿ. ಅದೇ ಮುಂದೆ 1948ರ ಇಎಸ್‌ಐ ಕಾಯ್ದೆಯಾಯಿತು. ಕಾಯಿಲೆ ಬಿದ್ದವನು ಯಾರ ದಯೆಗೂ ಕೈಚಾಚಬಾರದು, ಅದು ಅವನ ಹಕ್ಕಾಗಿರಬೇಕು ಎಂಬುದು ಅದರ ಒಳತಿರುಳು. ಆದರೆ ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ ದಿನಗೂಲಿಗೆ, ಮನೆಯ ಮಗ್ಗದ ನೇಕಾರನಿಗೆ ಆ ಹಕ್ಕು ಮುಟ್ಟಲಿಲ್ಲ.

ಈಗ ಬುದ್ಧರ ಕಡೆ ನೋಡೋಣ. ವಿನಯ ಪಿಟಕದ ಮಹಾವಗ್ಗದಲ್ಲಿ ಒಂದು ಪ್ರಸಂಗವಿದೆ. ಒಬ್ಬ ಭಿಕ್ಖು ಹೊಟ್ಟೆಯ ಬೇನೆಯಿಂದ ತನ್ನದೇ ಹೊಲಸಿನಲ್ಲಿ ಬಿದ್ದಿದ್ದ. ಬುದ್ಧರೇ ಆನಂದರೊಡನೆ ನೀರು ತಂದು ಅವನನ್ನು ತೊಳೆದು, ಎತ್ತಿ ಮಂಚದ ಮೇಲೆ ಮಲಗಿಸಿದರು. ಈ ಭಾಗ ನಮಗೆಲ್ಲ ಗೊತ್ತು. ಮುಂದಿನದನ್ನು ಮರೆಯುತ್ತೇವೆ. ಬುದ್ಧರು ಸಂಘವನ್ನು ಸೇರಿಸಿ, ಇವನನ್ನು ಯಾಕೆ ನೋಡಿಕೊಳ್ಳಲಿಲ್ಲ ಎಂದು ಕೇಳಿದರು. ಅವನಿಂದ ಭಿಕ್ಖುಗಳಿಗೆ ಯಾವ ಉಪಯೋಗವೂ ಇಲ್ಲ ಎಂದು ಉತ್ತರ ಬಂತು.

ಆ ಮಾತನ್ನು ಇನ್ನೊಮ್ಮೆ ಕೇಳಿಸಿಕೊಳ್ಳಿ. ಎರಡೂವರೆ ಸಾವಿರ ವರ್ಷದ ಹಿಂದಿನ ಡಿಪಾಜಿಟ್ ಕೌಂಟರ್ ಅದು. ನಿನ್ನಿಂದ ನಮಗೇನು ಲಾಭ?

ಬುದ್ಧರು ಆಗ ಕೂಗಾಡಲಿಲ್ಲ, ಸುಮ್ಮನೆಯೂ ಇರಲಿಲ್ಲ. ನಿಯಮ ಮಾಡಿದರು. ಉಪಾಧ್ಯಾಯನಿದ್ದರೆ ಅವನು ನೋಡಬೇಕು, ಇಲ್ಲವೇ ಆಚಾರ್ಯ, ಇಲ್ಲವೇ ಶಿಷ್ಯ, ಇಲ್ಲವೇ ಜೊತೆಗಿರುವವನು. ಯಾರೂ ಇಲ್ಲದಿದ್ದರೆ ಇಡೀ ಸಂಘದ ಹೊಣೆ. ನೋಡದಿದ್ದರೆ ದೋಷ. ಅಂದರೆ ಕರುಣೆ ಒಬ್ಬರ ಒಳ್ಳೆಯತನಕ್ಕೆ ಬಿಟ್ಟ ವಿಷಯವಾಗಿ ಉಳಿಯಲಿಲ್ಲ, ಕಟ್ಟಳೆಯಾಯಿತು. ಅಶೋಕ ಇದನ್ನು ರಾಜ್ಯದ ಕೆಲಸ ಮಾಡಿದ. ನಮ್ಮ ಇಳಕಲ್ಲಿಗೆ ದೂರವಲ್ಲದ ಮಸ್ಕಿ, ಕೊಪ್ಪಳಗಳಲ್ಲಿ ಅವನ ಶಾಸನಗಳಿವೆ. ಬೇರೆಡೆ ಸಿಕ್ಕಿರುವ ಎರಡನೆಯ ಬಂಡೆ ಶಾಸನ ಮನುಷ್ಯರ ಮತ್ತು ಪ್ರಾಣಿಗಳ ಚಿಕಿತ್ಸೆಯ ಏರ್ಪಾಡನ್ನು, ಔಷಧಿ ಗಿಡ ಇಲ್ಲದಲ್ಲಿ ತರಿಸಿ ನೆಡಿಸಿದ್ದನ್ನು ಹೇಳುತ್ತದೆ.

ಹಾಗಾದರೆ ಸಿಟ್ಟು? ಸಿಟ್ಟು ನೋವಿನ ಹಾಗೆ. ಎಲ್ಲೋ ಗಾಯವಿದೆ ಎಂದು ಹೇಳುತ್ತದೆ. ನೋವೇ ಬಾರದ ಮೈ ಆರೋಗ್ಯವಂತ ಮೈಯಲ್ಲ. ಆದರೆ ಗಾಯ ಎಲ್ಲಿದೆ ಎಂದು ಸಿಟ್ಟಿಗೆ ಸರಿಯಾಗಿ ಗೊತ್ತಿರುವುದಿಲ್ಲ. ಅದು ಹತ್ತಿರ ಸಿಕ್ಕವರ ಮೇಲೆ ಬೀಳುತ್ತದೆ. ಕೌಂಟರಿನ ಹುಡುಗಿ ಆ ದರ ಗೊತ್ತುಮಾಡಿದವಳಲ್ಲ. ರಾತ್ರಿ ಪಾಳಿಯ ನರ್ಸ್, ಒಬ್ಬರೇ ನೂರು ಜನರನ್ನು ನೋಡುವ ಸರ್ಕಾರಿ ಡಾಕ್ಟರ್, ಇವರೂ ಅದೇ ವ್ಯವಸ್ಥೆಯಲ್ಲಿ ಸಿಕ್ಕವರು. ಕಾರಣ ಹುಡುಕದ ಸಿಟ್ಟು ಗಾಜು ಒಡೆಯುತ್ತದೆ, ಕೇಸು ಹಾಕಿಸಿಕೊಳ್ಳುತ್ತದೆ. ದರದ ಫಲಕ ಹಾಗೆಯೇ ಇರುತ್ತದೆ.

ಒಂದು ಆಕ್ಷೇಪ ಏಳುತ್ತದೆ, ಏಳಲೇಬೇಕು. ಯಾವಾಗಲೂ ಬಡವರಿಗೇ ಯಾಕೆ ಶಾಂತಿಯ ಪಾಠ? ನ್ಯಾಯವಾದ ಪ್ರಶ್ನೆ. ಬುದ್ಧರು ಹೇಳಿದ ಅಕುಶಲ ಮೂಲಗಳು ಮೂರು: ಲೋಭ, ದ್ವೇಷ, ಮೋಹ. ಉಸಿರು ಕಟ್ಟಿದವನ ಮುಂದೆ ಬಿಲ್ಲು ಹಿಡಿಯುವುದು ಲೋಭ. ಇದೆಲ್ಲ ಸಹಜ ಎಂದು ದಾಟಿಹೋಗುವ ಸಮಾಜದ್ದು ಮೋಹ. ಆದರೆ ಮೊಬೈಲಿನಲ್ಲಿ ವಿಡಿಯೋ ಆಗುವುದು ಕೊನೆಗೆ ಕೂಗಿದವಳ ದ್ವೇಷ ಮಾತ್ರ. ಮೂರನ್ನೂ ಕೇಳದೆ ಒಂದನ್ನೇ ಕೇಳುವುದು ಧಮ್ಮವಲ್ಲ.

ಸಿಟ್ಟು ನಿಯಮವಾದ ಉದಾಹರಣೆಗಳೂ ಇವೆ. 1992ರಲ್ಲಿ ಪಶ್ಚಿಮ ಬಂಗಾಳದ ಹಕೀಂ ಶೇಖ್ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದಾಗ ಸರ್ಕಾರಿ ಆಸ್ಪತ್ರೆಗಳು ಒಂದಾದ ಮೇಲೊಂದು ತಿರುಗಿಸಿ ಕಳಿಸಿದವು. ಅವರ ಕೃಷಿ ಕೂಲಿಕಾರರ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯಿತು. ತುರ್ತು ಚಿಕಿತ್ಸೆ ನಿರಾಕರಿಸುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಉಲ್ಲಂಘನೆ ಎಂದು 1996ರಲ್ಲಿ ತೀರ್ಪು ಬಂತು. ನಮ್ಮ ರಾಜ್ಯದಲ್ಲಿ 2017ರಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತಂದಾಗ ಖಾಸಗಿ ವೈದ್ಯರು ಮುಷ್ಕರ ಹೂಡಿದರು. ಕೆಲವು ಕಠಿಣ ಅಂಶಗಳು ಸಡಿಲವಾದವು. ಆದರೂ ಉಳಿದದ್ದಿದೆ: ತುರ್ತಿನಲ್ಲಿ ಮುಂಗಡಕ್ಕೆ ಪಟ್ಟು ಹಿಡಿಯುವಂತಿಲ್ಲ. ಬಾಕಿಗಾಗಿ ಶವ ತಡೆಯುವಂತಿಲ್ಲ. ದೂರು ಕೇಳಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರವಿದೆ. 2025ರಲ್ಲಿ ಪಕ್ಕದ ವಿಜಯಪುರದಲ್ಲಿ ಜನ ಧರಣಿ ಕುಳಿತು, ವೈದ್ಯಕೀಯ ಕಾಲೇಜು ಖಾಸಗಿ ಸಹಭಾಗಿತ್ವದಲ್ಲಿ ಬೇಡ, ಪೂರ್ತಿ ಸರ್ಕಾರದ್ದೇ ಬೇಕು ಎಂದರು. ಸಿಟ್ಟು ಕಾರಣವನ್ನು ಹುಡುಕಿಕೊಂಡು ಹೋದ ರೀತಿ ಇದು.

ನಾಚಿಕೆಯ ಮಾತೊಂದು. ತುರ್ತಿನಲ್ಲಿ ಮುಂಗಡ ಕೇಳಬಾರದೆಂಬ ನಿಯಮ ಆ ರಾತ್ರಿ ಅಕ್ಕನಿಗೆ ಗೊತ್ತಿರಲಿಲ್ಲ. ರವಿವಾರ ಕೂಡಿದ್ದ ನಮ್ಮಲ್ಲೂ ಒಬ್ಬರಿಗೂ ಗೊತ್ತಿರಲಿಲ್ಲ. ಉಪದೇಶ ಮಾತ್ರ ಎಲ್ಲರ ಬಾಯಲ್ಲೂ ಇತ್ತು. ಆ ಅಕ್ಕ ಒಬ್ಬರೇ ಗಾಜಿಗೆ ಬಡಿದದ್ದಕ್ಕೆ ನಮ್ಮ ಪಾಲೂ ಇದೆ. ಸಂಘ ಇದ್ದೂ ಅವರು ಒಂಟಿಯಾಗಿ ನಿಂತಿದ್ದರು.

ನಿನ್ನೆ ಇದನ್ನೆಲ್ಲ ಅವರಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಆ ಹುಡುಗಿಗೆ ಮೈತ್ರಿ ಹೇಳತೀನ್ರಿ. ಅಕಿನೂ ನಮ್ಮಂಗ ದುಡಿಯಾಕ ಬಂದಾಕಿ. ಆದ್ರ ರೊಕ್ಕ ಇಲ್ಲಂದ್ರ ಸಾಯಿ ಅನ್ನೋ ಪದ್ಧತಿಗೆ ಮೈತ್ರಿ ಹೇಳಂಗಿಲ್ಲ. ಅರ್ಜಿ ಬರೀರಿ, ಸಹಿ ಮಾಡತೀನಿ."

ಅವರ ಪ್ರಶ್ನೆಗೆ ನಾವು ಹುಡುಕುತ್ತಿದ್ದ ಉತ್ತರ ಅವರಲ್ಲೇ ಇತ್ತು.

*ಇಂದಿನ ಸಂಕಲ್ಪ:* ನಮ್ಮ ಓಣಿಯಲ್ಲಿ ಕಾಯಿಲೆ ಬಿದ್ದವರು ಯಾರು ಎಂದು ಇವತ್ತು ವಿಚಾರಿಸೋಣ. ದವಾಖಾನೆಗೆ ಯಾರನ್ನೂ ಒಂಟಿಯಾಗಿ ಕಳಿಸದಿರೋಣ. ಬರುವ ರವಿವಾರ ಅರ್ಜಿ ಬರೆಯಲು ಕೂಡೋಣ.

ಭವತು ಸಬ್ಬ ಮಂಗಲಂ.
ಜೈ ಭೀಮ್. 🙏