ಕಾಯಬೇಕಿದ್ದ ಇಪ್ಪತ್ತು ನಿಮಿಷ

ಇದು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಪ್ರಕರಣ. ಇದರಲ್ಲಿ ಕೆಟ್ಟವರೆಂದು ಯಾರನ್ನೂ ಬೆರಳು ಮಾಡಿ ತೋರಿಸಲಾಗದು.

ಒಂದು ಸಂಜೆ ಕರೆಂಟ್ ಹೋಗಿ, ಲಿಫ್ಟ್ ಎರಡನೆಯ ಮತ್ತು ಮೂರನೆಯ ಮಹಡಿಗಳ ನಡುವೆ ನಿಂತಿತು. ಒಳಗೆ ಒಬ್ಬ ವೃದ್ಧೆ, ಒಬ್ಬ ಯುವಕ. ವಿದ್ಯುತ್ ನಿಂತಾಗ ಲಿಫ್ಟನ್ನು ಹತ್ತಿರದ ಮಹಡಿಗೆ ತಂದು ಬಾಗಿಲು ತೆರೆಯುವ ಬ್ಯಾಟರಿ ಸಾಧನ ಆ ಕಟ್ಟಡದಲ್ಲಿತ್ತು. ಬ್ಯಾಟರಿ ಕೆಟ್ಟು ತಿಂಗಳುಗಳಾಗಿದ್ದವು. ಹೊಸದನ್ನು ಹಾಕಿಸುವ ವಿಷಯ ನಿವಾಸಿಗಳ ಸಭೆಗೆ ಎರಡು ಬಾರಿ ಬಂದರೂ ಬಣ್ಣ ಬಳಿಸುವ ಖರ್ಚೇ ಮುಖ್ಯವೆನಿಸಿತು. ಮಕ್ಕಳು ಸುಮ್ಮನೆ ಒತ್ತುತ್ತಾರೆಂದು ಅಲಾರಂ ಗಂಟೆಯ ತಂತಿಯನ್ನೂ ಬಿಡಿಸಿದ್ದರು. ನಿವಾಸಿಗಳ ಸಂಘದ ಕಾರ್ಯದರ್ಶಿಯ ಪರವಾಗಿ ಒಂದು ಮಾತು ಹೇಳಲೇಬೇಕು: ಅವರದು ಸಂಬಳವಿಲ್ಲದ ಕೆಲಸ, ಎಷ್ಟೋ ಮನೆಗಳವರು ನಿರ್ವಹಣೆಯ ಹಣ ಬಾಕಿ ಉಳಿಸಿಕೊಂಡಿದ್ದರು.

ಯುವಕ ಬಾಗಿಲು ಬಡಿದ. ವಾಚ್‌ಮನ್ ಲಿಫ್ಟ್ ಕಂಪನಿಗೆ ಫೋನ್ ಮಾಡಿದ. ಮೆಕ್ಯಾನಿಕ್ ಇಪ್ಪತ್ತು ನಿಮಿಷದಲ್ಲಿ ಬರುತ್ತೇನೆಂದ. ಅಷ್ಟರಲ್ಲಿ ಎರಡನೆಯ ಮಹಡಿಯಲ್ಲಿ ಜನ ಸೇರಿದರು. “ಅಜ್ಜಿಗೆ ಉಸಿರು ಕಟ್ಟುತ್ತೆ, ಬಾಗಿಲು ತೆಗಿಯಯ್ಯಾ” ಎಂದು ಗದರಿದರು. ಲಿಫ್ಟಿನ ಪೆಟ್ಟಿಗೆಗೆ ಗಾಳಿಯ ಕಿಂಡಿಗಳಿರುತ್ತವೆ. ಅಜ್ಜಿ ನೆಲದ ಮೇಲೆ ಕುಳಿತು ಶಾಂತವಾಗಿಯೇ ಇದ್ದರು. ತರಬೇತಿ ಪಡೆದವರ ಕೈಯಲ್ಲಷ್ಟೇ ಇರಬೇಕಾದ ತ್ರಿಕೋನ ಕೀಲಿ ವಾಚ್‌ಮನ್ ಕೋಣೆಯ ಮೊಳೆಗೆ ನೇತಾಡುತ್ತಿತ್ತು. ಅವನು ಅದನ್ನು ತಂದು ಬಾಗಿಲು ತೆರೆದ.

ಪೆಟ್ಟಿಗೆಯ ತಳ ಮಹಡಿಯ ನೆಲದಿಂದ ಎದೆಮಟ್ಟದಲ್ಲಿತ್ತು. ತಳದ ಕೆಳಗಿನ ಸಂದು ನೇರ ಲಿಫ್ಟಿನ ಗುಂಡಿಗೆ ತೆರೆದಿತ್ತು. ಯುವಕ ಅಂಚಿನಲ್ಲಿ ಕುಳಿತು ಜಿಗಿದ. ಕಾಲು ಊರಿತು, ಮೈ ಹಿಂದಕ್ಕೆ ವಾಲಿತು. ಆ ಸಂದಿನೊಳಗಿಂದ ಗುಂಡಿಯ ತಳಕ್ಕೆ ಬಿದ್ದ. ಬದುಕಿದ್ದಾನೆ; ಸೊಂಟ ಮುರಿದು ಊರುಗೋಲು ಹಿಡಿದಿದ್ದಾನೆ. ಮೆಕ್ಯಾನಿಕ್ ಹೇಳಿದ ಹೊತ್ತಿಗೇ ಬಂದ. ಯುವಕನನ್ನು ಮೇಲೆತ್ತಿದ ಮೇಲೆ ಮುಖ್ಯ ಸ್ವಿಚ್ ಆರಿಸಿ, ಬ್ರೇಕ್ ಸಡಿಲಿಸಿ, ಪೆಟ್ಟಿಗೆಯನ್ನು ಮಹಡಿಯ ಮಟ್ಟಕ್ಕೆ ತಂದ. ಅಜ್ಜಿ ನಡೆದೇ ಹೊರಬಂದರು.

ಮರುದಿನ ವಾಚ್‌ಮನ್‌ನನ್ನು ಕೆಲಸದಿಂದ ತೆಗೆದರು.

ತಪ್ಪು ಅವನದೂ ಹೌದು. ಆದರೆ ಅಷ್ಟು ಮಾಲೀಕರು ಒಟ್ಟಾಗಿ ಗದರುವಾಗ “ಇಲ್ಲ ಸಾರ್, ಮೆಕ್ಯಾನಿಕ್ ಬರಲಿ” ಎನ್ನುವ ಅಧಿಕಾರವನ್ನು ಅವನಿಗೆ ಕೊಟ್ಟವರು ಯಾರು? ತರಬೇತಿ ಕೊಡದೆ ಕೀಲಿ ಕೊಟ್ಟೆವು, ಅನಾಹುತವಾದಾಗ ಅವನನ್ನೇ ಹೊರಗಟ್ಟಿದೆವು. ಗದರಿದವರ ಕಳಕಳಿಯನ್ನು ನಾನು ಅನುಮಾನಿಸುವುದಿಲ್ಲ. ಕಷ್ಟದಲ್ಲಿರುವವರನ್ನು ಕಂಡಾಗ ಏನನ್ನೂ ಮಾಡದೆ ನಿಲ್ಲುವುದು ನಮ್ಮಿಂದಾಗದು. ಆ ಚಡಪಡಿಕೆಯನ್ನೇ ಸಹಾಯವೆಂದು ನಂಬಿಬಿಡುತ್ತೇವೆ.

ನಮ್ಮ ಭಯವೂ ದಾರಿ ತಪ್ಪಿದೆ. ಹಗ್ಗ ಕಡಿದರೂ ಲಿಫ್ಟ್ ಬೀಳದೆಂದು ಲಿಫ್ಟ್ ತಯಾರಕ ಎಲಿಷಾ ಓಟಿಸ್ 1854ರಲ್ಲೇ ನ್ಯೂಯಾರ್ಕಿನ ವಸ್ತುಪ್ರದರ್ಶನದಲ್ಲಿ, ತಾನೇ ಮೇಲೆ ನಿಂತು ಹಗ್ಗ ಕಡಿಸಿ ತೋರಿಸಿದ್ದ. ನಾವು ಇಂದಿಗೂ ಹೆದರುವುದು ಹಗ್ಗ ಕಡಿದು ಲಿಫ್ಟ್ ಬೀಳುವುದಕ್ಕೇ. ತೆರೆದ ಬಾಗಿಲಿಗೆ ಹೆದರುವುದಿಲ್ಲ. ಲಿಫ್ಟುಗಳಿಗೆಂದೇ ಕರ್ನಾಟಕದಲ್ಲಿ 2012ರ ಕಾಯ್ದೆಯಿದೆ, ಪರವಾನಗಿ ಮತ್ತು ಪರಿವೀಕ್ಷಣೆಯ ನಿಯಮಗಳಿವೆ. ಪರಿವೀಕ್ಷಕರು ಬಂದುಹೋದ ಮೇಲಿನ ದಿನಗಳಿಗೆ ನಾವೇ ಹೊಣೆ.

ನನ್ನ ದೃಷ್ಟಿಯಲ್ಲಿ ಮೊದಲ ತಪ್ಪು ಬ್ಯಾಟರಿಯನ್ನು ಮುಂದೂಡಿದ ಸಭೆಯದು, ಎರಡನೆಯದು ಬಾಗಿಲ ಮುಂದೆ ಗದರಿದವರದು. ಯುವಕನ ಆತುರ, ವಾಚ್‌ಮನ್‌ನ ಅಳುಕು ಅವುಗಳ ನಂತರದವು. ನಿಮ್ಮ ಕಟ್ಟಡದ ಅಲಾರಂ ಒತ್ತಿ, ಯಾರಿಗಾದರೂ ಕೇಳಿಸುತ್ತದೆಯೇ ನೋಡಿ. ಕೀಲಿ ಯಾರ ಬಳಿಯಿದೆಯೆಂದು ವಿಚಾರಿಸಿ. ಸಿಕ್ಕಿಬಿದ್ದರೆ ಬಾಗಿಲಿನಿಂದ ದೂರ ಕುಳಿತು, ಪೆಟ್ಟಿಗೆ ಮಹಡಿಯ ಮಟ್ಟಕ್ಕೆ ಬರುವವರೆಗೆ ದಯವಿಟ್ಟು ಕಾಯಿರಿ.